ಗಡಿಯ ಎರಡು ಬದಿಯ ಕೂಲಿ: ಬೀದರ ಸೀಮೆಯ ಕೃಷಿಕಾರ್ಮಿಕರ ಚೌಕಾಸಿ ಶಕ್ತಿ

ಬೀದರ ಜಿಲ್ಲೆಯ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಬಹಮನಿ, ಬರೀದಶಾಹಿ ಅರಸರಿಗೆ ದೊರೆತ ಸ್ಥಾನ ಹೊಲದ ಆಳಿಗೆ ದೊರೆತಿಲ್ಲ. ಕೂಲಿಯ ದರ ಬೇಡಿಕೆ ಪೂರೈಕೆಗಳಿಂದಷ್ಟೇ ನಿರ್ಧಾರವಾಗುವುದಿಲ್ಲ. ಒಡೆಯನಿಗೆ ಒಲ್ಲೆನೆಂದ ಆಳಿಗೆ ಮರುದಿನದ ಜೋಳ ಎಲ್ಲಿಂದ ಬರುತ್ತದೆ ಎಂಬುದೂ ಅದನ್ನು ನಿರ್ಧರಿಸುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರದಂತಹ ಊರುಗಳಿರುವ ಗಡಿ ಪರಿಸರ ಇದನ್ನು ಪರಿಶೀಲಿಸಲು ತಕ್ಕ ಕ್ಷೇತ್ರವಾಗಿದೆ.

ಹೈದರಾಬಾದು ಸಂಸ್ಥಾನದಲ್ಲಿ ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡುವ ಪದ್ಧತಿ ‘ಭಗೇಲಾ’ ಎನಿಸಿಕೊಂಡಿತ್ತು. ಅದನ್ನು ನಿಯಂತ್ರಿಸಲು 1943ರಲ್ಲಿ ಕಾಯಿದೆಯೂ ಬಂದಿತು. ನೆರೆಯ ಮರಾಠವಾಡದಲ್ಲಿ ವರ್ಷದ ಆಳನ್ನು ‘ಸಾಲಗಡಿ’ ಎನ್ನುವರು. ಕರಾರು ಯುಗಾದಿಯಿಂದ ಯುಗಾದಿಗೆ. ಇಲ್ಲಿಯ ‘ಸಾಲ’ ಫಾರಸಿ ಮೂಲದ್ದು, ವರ್ಷವೆಂದು ಅರ್ಥ. ಕನ್ನಡದ ಕಿವಿಗೆ ಅದು ಋಣವೆಂದೇ ಕೇಳಿಸುತ್ತದೆ. ಮುಂಗಡ ಪಡೆದು ಕಟ್ಟುಬಿದ್ದವನ ಪಾಲಿಗೆ ಎರಡು ಅರ್ಥಗಳಿಗೂ ಹೆಚ್ಚಿನ ಅಂತರವಿರಲಿಲ್ಲ. ಕರಾರಿನ ಕಾಲವೂ ಗಮನಾರ್ಹ. ಯುಗಾದಿಯ ಹೊತ್ತಿಗೆ ಹಿಂಗಾರಿ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿರದು. ಆಳಿನ ಅಗತ್ಯ ಒಡೆಯನಿಗೆ ಅತಿ ಕಡಿಮೆಯಿರುವ ದಿನವೇ ಇಡೀ ವರ್ಷದ ಕೂಲಿ ಗೊತ್ತಾಗುತ್ತಿತ್ತು. ಕಳೆ ಕೀಳುವ, ಹೆಸರು ಉದ್ದು ಬಿಡಿಸುವ ದಿನಗೂಲಿಯವರಿಗಾದರೋ ಮಳೆಗಾಲದಲ್ಲಿ ಒಂದಿಷ್ಟು ಮಾತಾಡುವ ಅವಕಾಶವಿತ್ತು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಭಾಲ್ಕಿ, ಔರಾದ ಮುಂತಾದವು ಮೈಸೂರಿಗೆ ಸೇರಿದವು. ಮಣ್ಣು, ಬೆಳೆ, ನೆಂಟಸ್ತಿಕೆ ಒಂದೇ ಆಗಿದ್ದರೂ ಕಾನೂನು ಬೇರೆಯಾಯಿತು. ಬರಗಾಲದ ಹಿನ್ನೆಲೆಯಲ್ಲಿ ಮಹಾರಾಷ್ಟ್ರ 1972ರಲ್ಲಿ ಆರಂಭಿಸಿದ ಉದ್ಯೋಗ ಖಾತರಿ ಯೋಜನೆ 1979ರ ಜನವರಿಯಿಂದ ಶಾಸನಬದ್ಧ ಹಕ್ಕಾಯಿತು. ಅದಕ್ಕೆ ಹಣ ಒದಗಿದ್ದು ಮುಖ್ಯವಾಗಿ ವೃತ್ತಿ ತೆರಿಗೆಯಿಂದ. ನಗರದ ಸಂಬಳದಾರನ ಆದಾಯದ ಒಂದು ಪಾಲು ಹಳ್ಳಿಯ ಕೂಲಿಯಾಗಿ ಹರಿಯಿತು. ಜಮೀನ್ದಾರರು ಇದನ್ನು ಬಲವಾಗಿ ವಿರೋಧಿಸದಿರಲು ಕೆರೆ, ರಸ್ತೆಗಳ ಲಾಭ ಅವರಿಗೂ ಸಂದದ್ದು ಕಾರಣವೆಂದು ತೋರುತ್ತದೆ.

ಗಡಿಯ ಈ ಬದಿಗೆ ಅಂತಹ ಹಕ್ಕು ಬರಲು 2006ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ರಾಷ್ಟ್ರೀಯ ಉದ್ಯೋಗ ಖಾತರಿಯ ಮೊದಲ ಹಂತಕ್ಕೆ ಸೇರಿದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಬೀದರವೂ ಒಂದು. ನಡುವಣ 27 ವರ್ಷಗಳಲ್ಲಿ ಇಲ್ಲಿನ ಆಳಿಗೆ 1976ರ ಜೀತ ನಿರ್ಮೂಲನ ಕಾಯಿದೆಯಿತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಬಲಾತ್ಕಾರದ ದುಡಿಮೆಯೆಂದ 1982ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಇತ್ತು. ಇವೆರಡೂ ಒಡೆಯನನ್ನು ತಡೆಯುವ ಕಾನೂನುಗಳು. ಒಡೆಯನನ್ನು ಬಿಟ್ಟುಬಂದವನಿಗೆ ಕೆಲಸ ಕೊಡುವ ಕಾನೂನುಗಳಲ್ಲ. ಆ ಕೊರತೆಯನ್ನು ತುಂಬಿದ್ದು ಹೈದರಾಬಾದಿನ ದಾರಿ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆ ಖಾತರಿಯ ದಿನಗಳನ್ನು 100ರಿಂದ 125ಕ್ಕೆ ಏರಿಸಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಎಡೆಮಾಡಿತು. ಮಳೆಗಾಲದ ಹೊಲಗೆಲಸದ ದಿನಗಳಲ್ಲಿಯೇ ಈ ಸೀಮೆಯ ಆಳಿನ ಮಾತಿಗೆ ಬೆಲೆ ಬರುತ್ತಿದ್ದುದನ್ನು ನೆನೆದರೆ, ಆ 60 ದಿನಗಳು ಯಾವ ತಿಂಗಳಿನಲ್ಲಿ ಬೀಳುತ್ತವೆ ಎಂಬುದು ದಿನಗಳ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ.