ನಮ್ಮ ಜಿಲ್ಲೆಯ ಕಾಡನ್ನು ಕಾಯ್ದವರು

ಶ್ರೀರಂಗಪಟ್ಟಣವು ಬಿದ್ದು ಎರಡು ವರ್ಷವಾಗುವುದರೊಳಗೆ, 1801ನೆಯ ಇಸವಿಯ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿ ಸರಕಾರದ ಅಪ್ಪಣೆಯಂತೆ ನಮ್ಮ ಉತ್ತರ ಕನ್ನಡ ಸೀಮೆಯಲ್ಲಿ ಸಂಚರಿಸಿದನು. ಬೆಳೆ, ಗಿಡ, ಜನ, ತೂಕ, ಅಳತೆ ಇವೆಲ್ಲವನ್ನೂ ಬರೆದಿಡುವುದು ಆತನ ಕೆಲಸ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಪ್ರವಾಸಗ್ರಂಥದಲ್ಲಿ ಒಂದು ಸಂಗತಿಯಿರುವುದು. ಇಲ್ಲಿಯ ಕಾಡುಗಳು ಆಯಾ ಊರಿನ ದೇವರ ಸೊತ್ತಂತೆ. ಮರ ಕಡಿಯಬೇಕಾದವನು ದೇವರ ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯನ್ನು ಬೇಡಬೇಕಂತೆ. ಅಪ್ಪಣೆಗೆ ಕಾಸಿನ ಕಾಣಿಕೆಯಿಲ್ಲ, ಆದರೆ ಕೇಳದೆ ಕಡಿದವನಿಗೆ ದೇವರ ಕೋಪ ತಪ್ಪದಂತೆ. ಇಷ್ಟನ್ನು ಬರೆದು, ಇದು ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಿರಲೆಂದು ಹೂಡಿದ ಉಪಾಯವೆಂದು ಬುಕಾನನನು ತನ್ನ ಷರಾವನ್ನು ಸೇರಿಸಿದನು.

ಈ ಷರಾವನ್ನು ಓದಿದಾಗಲೆಲ್ಲ ನನಗೆ ನಗೆಯೂ ಬರುವುದು, ವ್ಯಸನವೂ ಆಗುವುದು. ಉಪಾಯವೇ ಆಗಿದ್ದರೂ ಆಗಿರಲಿ. ಹಣದಿಂದ ಕೊಳ್ಳಲಾಗದ ಅಪ್ಪಣೆಯೊಂದು ಕಾಡನ್ನು ಉಳಿಸಿತೋ ಇಲ್ಲವೋ ಎಂಬುದನ್ನು ಆತನು ವಿಚಾರಿಸಲಿಲ್ಲ. ಕಾಡು ಯಾರದೆಂಬುದೊಂದೇ ಆತನಿಗೆ ಬೇಕಾಗಿದ್ದ ಮಾತು.

ಅರಸನು ಅರಣ್ಯವನ್ನು ತನ್ನದೆನ್ನುವುದು ಹೊಸತೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಪ್ಯಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ವನದ ಮರವನ್ನು ಕಡಿದವರಿಗೆ ಆತನು ದಂಡ ವಿಧಿಸಬೇಕು. ಆದರೆ ಆಪತ್ತಿನಲ್ಲಿದ್ದವರಿಗೆ ವಿನಾಯಿತಿಯುಂಟೆಂದು ಸೂತ್ರಕಾರನು ಕೂಡಲೇ ಸೇರಿಸಿರುವನು. ಪಾಠಶಾಲೆಯಲ್ಲಿ ಗುರುಗಳು ಈ ಕಡೆಯ ಪದವನ್ನು ಎರಡು ಸಲ ಓದಿಸುತ್ತಿದ್ದರು. ಅದರ ಬೆಲೆ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಇಂಗ್ಲಿಷರಿಗೆ ಮೊದಲು ಹಡಗುಗಳಿಗಾಗಿ ತೇಗ ಬೇಕಾಯಿತು, ಅನಂತರ ರೈಲುಹಾದಿಗೆ ಮರದ ಹಲಗೆಗಳು ಬೇಕಾದುವು. 1862ರಲ್ಲಿ ನಮ್ಮ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1864ರಲ್ಲಿ ಜರ್ಮನ್ ಪಂಡಿತನಾದ ಡೀಟ್ರಿಕ್ ಬ್ರಾಂಡಿಸನು ಹಿಂದುಸ್ಥಾನದ ಅರಣ್ಯಗಳ ಪ್ರಥಮ ಮುಖ್ಯಾಧಿಕಾರಿಯಾದನು. ಆತನು ಅದಕ್ಕೆ ಮುನ್ನ ಬ್ರಹ್ಮದೇಶದ ಪೆಗು ಪ್ರಾಂತದಲ್ಲಿ ತೇಗದ ಮರಗಳನ್ನು ಸುತ್ತಳತೆಯಂತೆ ವಿಂಗಡಿಸಿ ಎಣಿಸಿ, ವರ್ಷಕ್ಕೆ ಎಷ್ಟು ಬೆಳೆಯುವುದೋ ಅಷ್ಟನ್ನೇ ಕಡಿಯಬೇಕೆಂಬ ಕ್ರಮವನ್ನು ಹಾಕಿದ್ದನು. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಬಾಳುವ ಗೃಹಸ್ಥನ ನೀತಿಯಿದು, ಇದನ್ನು ಹೊಗಳಲೇಬೇಕು. ಕೊರತೆಯಿದ್ದುದು ಲೆಕ್ಕದಲ್ಲಿ. ಲೆಕ್ಕಕ್ಕೆ ಬಂದುದು ಮರವೊಂದೇ. ತೋಟದ ಸೊಪ್ಪು, ಕೊಟ್ಟಿಗೆಯ ದರಕು, ದನದ ಮೇವು, ಕಾನಿನ ಕಾಳುಮೆಣಸು ಇವು ಯಾವ ಖಾತೆಯಲ್ಲಿಯೂ ಬರಲಿಲ್ಲ.

1878ರ ಅರಣ್ಯ ಕಾಯಿದೆಯು ಕಾಡನ್ನು ಕಾದಿಟ್ಟ ಅರಣ್ಯ, ರಕ್ಷಿತ ಅರಣ್ಯ, ಗ್ರಾಮಾರಣ್ಯವೆಂದು ಮೂರಾಗಿ ವಿಭಾಗಿಸಿತು. ಮೂರನೆಯದು ಬಹುಕಾಲ ಕಾಗದದಲ್ಲಿಯೇ ಉಳಿಯಿತು. ಘಟ್ಟದ ಮೇಲಣ ಅಡಕೆಯ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವು ದೊರೆತುದು ನಿಜ. ಕುಮರಿ ಬೇಸಾಯದ ಬಡವರಿಗೆ ದೊರೆತುದು ನಿಷೇಧವೊಂದೇ. ಅವರ ಪರವಾಗಿ ಅರ್ಜಿ ಬರೆಯುವವರು ಯಾರಿದ್ದರು? ನಾನು ತೋಟಿಗರ ಮನೆಯವನು. ಆದುದರಿಂದ ನಮ್ಮವರ ತಪ್ಪನ್ನೂ ಹೇಳುವುದು ಧರ್ಮ. ನಮ್ಮ ಬೆಟ್ಟದ ಮತ್ತಿ, ಹೊನ್ನೆಗಳನ್ನು ವರ್ಷವರ್ಷವೂ ಸವರಿ ಸವರಿ ಬೋಳು ಕಂಬಗಳನ್ನಾಗಿ ಮಾಡಿದವರು ನಾವೇ. ಅನುಭೋಗವು ನಮ್ಮದು, ಮರವು ಸರಕಾರದ್ದು ಎಂದಾಗ ಸಸಿ ನೆಡುವ ಹೊಣೆ ಯಾರಿಗೂ ಇಲ್ಲವಾಯಿತು. 1930ರಲ್ಲಿ ಜಂಗಲ್ ಸತ್ಯಾಗ್ರಹಕ್ಕೆ ಹೊರಟ ಜನರ ಬೇಗೆಯ ಮೂಲವೂ ಇಲ್ಲಿಯೇ ಇರುವುದು.

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕವು ತಿದ್ದಿತೆ? ದಾಂಡೇಲಿಯ ಕಾಗದದ ಕಾರಖಾನೆಗೆ ನಮ್ಮ ಜಿಲ್ಲೆಯ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಬುಟ್ಟಿ ಹೆಣೆಯುವ ಮೇದಾರನಾದರೋ ಪೇಟೆಯ ಧಾರಣೆಯನ್ನೇ ತೆರಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಬಿದಿರು ಸೊರಗಿತು. ದನಗಳೂ ಹಳ್ಳಿಗರೂ ಕಾರಣವೆಂದು ಹೇಳಿದವರುಂಟು. 1975ರಿಂದ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಬಂದು ಮೆಳೆಮೆಳೆಯನ್ನೂ ನೋಡಿದರು. ಬಿದಿರುಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆಯಿರುವುದಷ್ಟೆ. ಹಳ್ಳಿಗರು ಅದನ್ನು ಮುಟ್ಟದೆ, ಎತ್ತರದಲ್ಲಿ ಕಡಿಯುತ್ತಿದ್ದರು. ಕಾರಖಾನೆಯ ಆಳುಗಳು ಮೆಳೆಯು ಚೊಕ್ಕಟವಾದರೆ ಚೆನ್ನಾಗಿ ಬೆಳೆಯುವುದೆಂಬ ಪುಸ್ತಕದ ನಿಯಮದಂತೆ ಆ ಮುಳ್ಳನ್ನು ಸವರಿ ತೆಗೆದರು. ಬೇಲಿ ಹೋದ ಮೇಲೆ ಎಳೆಯ ಕಳಲೆಯು ದನಕ್ಕೂ ಮುಳ್ಳುಹಂದಿಗೂ ಮುಸುವಕ್ಕೂ ಆಹಾರವಾಯಿತು. ಇದನ್ನು ಆ ಪಂಡಿತರಿಗೆ ಮೊದಲು ಹೇಳಿದವರು ನಮ್ಮ ರೈತರೇ. ಪಂಡಿತರು ಅಳೆದು ನೋಡಿ ಅಹುದೆಂದರು. ಬುಕಾನನನಿಗೆ ಉಪಾಯವಾಗಿ ಕಂಡಂಥ ರೂಢಿಗಳಲ್ಲಿ ಇಂತಹ ಅನುಭವವು ಎಷ್ಟು ಅಡಗಿತ್ತೋ!

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿ ಸಾಲ್ಕಣಿಯ ಜನರು ಕಳಾಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ಕೊಡಲಿಗಳನ್ನು ನಿಲ್ಲಿಸಿದರು. ಆ ಅಪ್ಪಿಕೋ ಚಳವಳಿಯನ್ನು ವಾಚಕರೆಲ್ಲರೂ ಬಲ್ಲರು. ಆದರೆ ಕುಮಟೆಯ ಹಳಕಾರವನ್ನು ಬಲ್ಲವರು ಕಡಿಮೆ. ಕಾಯಿದೆಯ ಮೂಲೆಯಲ್ಲಿ ನಿದ್ರಿಸುತ್ತಿದ್ದ ಆ ಗ್ರಾಮಾರಣ್ಯದ ವಿಧಿಯು, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ತರುವಾಯ, 1920ರ ದಶಕದಲ್ಲಿ ಹಳಕಾರ, ಮೂರೂರು-ಕಲ್ಲಬ್ಬೆ, ಚಿತ್ರಗಿಗಳಲ್ಲಿ ಎಚ್ಚೆತ್ತಿತು. ಊರವರೇ ಪಂಚಾಯತಿಯನ್ನು ಆರಿಸಿದರು. ತಮ್ಮ ವೆಚ್ಚದಿಂದ ಕಾವಲುಗಾರನನ್ನಿಟ್ಟರು. ಯಾರಿಗೆ ಎಷ್ಟು ಸೌದೆಯೆಂಬುದನ್ನು ತಾವೇ ನಿಶ್ಚಯಿಸಿದರು. ಹಲವು ದಶಕಗಳ ಬಳಿಕ ಈ ಪಂಚಾಯತಿಗಳನ್ನು ವಿಸರ್ಜಿಸುವ ಅಪ್ಪಣೆಯು ಸರಕಾರದಿಂದಲೇ ಹೊರಟಿತು. ಚಿತ್ರಗಿಯ ಪಂಚಾಯತಿಯು ಹೋಯಿತು. ಅದರ ಬೆನ್ನಿಗೆ ಕಾಡೂ ಹೋಯಿತು. ಹಳಕಾರದವರು ನ್ಯಾಯಾಲಯದ ಮೆಟ್ಟಿಲನ್ನೇರಿ ತಡೆಯಾಜ್ಞೆಯನ್ನು ತಂದರು, ತಮ್ಮ ಕಾವಲುಗಾರನನ್ನು ಕೆಲಸದಿಂದ ಬಿಡಿಸಲಿಲ್ಲ.