ರಾಮನಗರದ ಮಣಿಸರ: ಗರ್ಭನಿರೋಧಕ ಕೈಕೊಡುವುದು ಎಲ್ಲಿ?

“ಮಾತ್ರೆ ತಗೊಂಡ್ರೂ ನಿಂತ್‌ಬಿಡ್ತು ಕಣಕ್ಕ. ಮನೇಲಿ ಯಾರೂ ನಂಬ್ತಿಲ್ಲ.”

ದಂಡಿನಶಿವರ ಹೋಬಳಿಯ ಒಂದು ಹಳ್ಳಿಯಲ್ಲಿ, ಕೊಬ್ಬರಿ ಸುಲಿಯುತ್ತಿದ್ದ ಮನೆಯ ಮುಂದೆ, ಇಬ್ಬರು ಮಕ್ಕಳ ತಾಯಿಯೊಬ್ಬಳು ಆಶಾ ಕಾರ್ಯಕರ್ತೆಗೆ ಹೇಳಿದ ಮಾತಿದು. ನಾವು ಪಕ್ಕದಲ್ಲೇ ಇದ್ದೆವು. ಅತ್ತೆ “ಇವಳು ನುಂಗೇ ಇಲ್ಲ” ಅನ್ನುತ್ತಿದ್ದರು. ಪಕ್ಕದ ಮನೆಯವರು “ಸರ್ಕಾರದ ಮಾತ್ರೆ ಅಷ್ಟೇ ಕಣೇಳಿ” ಅನ್ನುತ್ತಿದ್ದರು. ಹೇಗೆ ನುಂಗಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಈ ಪ್ರಶ್ನೆಗೆ ವಯಸ್ಸಾಗಿದೆ. ಎಪ್ಪತ್ತು ವರ್ಷಗಳ ಹಿಂದೆ ನಮ್ಮ ಹಳೇ ಮೈಸೂರು ಸೀಮೆಯಲ್ಲೇ ಇದಕ್ಕೆ ಒಂದು ದೊಡ್ಡ ಪಾಠ ಸಿಕ್ಕಿತ್ತು. ಅದನ್ನು ನಾವು ಮರೆತಿದ್ದೇವೆ.

ಮೈಸೂರು ಮೊದಲು

1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಗರ್ಭನಿರೋಧ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರವೇ ಮುಂದೆ ನಿಂತು ಈ ಕೆಲಸ ಮಾಡಿದ್ದು ಜಗತ್ತಿನಲ್ಲೇ ಮೊದಲು ಎಂದು ಗುರುತಿಸುತ್ತಾರೆ. ಆದರೆ ಆ ಕೇಂದ್ರಗಳು ಪಟ್ಟಣದವು. ಹಳ್ಳಿಯ ಹೆಂಗಸು ಅಲ್ಲಿಯವರೆಗೆ ಹೋಗುವ ಮಾತೇ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅವರು ಗಾಂಧೀಜಿಯ ಒಡನಾಡಿ. ಔಷಧಿ, ಸಾಧನ ಯಾವುದೂ ಬೇಡ, ದಿನ ಎಣಿಸಿ ದೂರವಿರುವ ಕ್ರಮವನ್ನೇ ಪರೀಕ್ಷಿಸಿ ಎಂಬುದು ಅವರ ನಿಲುವು. ಅಮೆರಿಕದಿಂದ ಡಾ. ಅಬ್ರಹಾಂ ಸ್ಟೋನ್ ಬಂದರು. 1952ರಲ್ಲಿ ಎರಡು ಕಡೆ ಪ್ರಯೋಗ ಶುರುವಾಯಿತು. ಒಂದು ದೆಹಲಿಯ ಲೋದಿ ಕಾಲೊನಿ. ಇನ್ನೊಂದು ನಮ್ಮ ರಾಮನಗರ. ತುರುವೇಕೆರೆ ಬಿಟ್ಟು ಕುಣಿಗಲ್, ಮಾಗಡಿ ದಾಟಿದರೆ ಸಿಗುವ ಅದೇ ರೇಷ್ಮೆ ಊರು.

ಮಣಿ ಎಣಿಸಿದ ಕಥೆ

ಓದು ಬರಹ ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಅದಕ್ಕೆ ಮಣಿಸರ ಮಾಡಿಕೊಟ್ಟರು. ದಿನಕ್ಕೆ ಒಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡ ಹೆಂಡತಿ ದೂರವಿರಬೇಕು. ಕೇಳಲು ಎಷ್ಟು ಸುಲಭ!

ಎಡವಟ್ಟು ಮನೆಯೊಳಗೆ ಶುರುವಾಯಿತು. ಈ ಪ್ರಯೋಗದ ಬಗ್ಗೆ ಬಂದ ಬರಹಗಳಲ್ಲಿ ಅದರ ವಿವರವಿದೆ. ರಾತ್ರಿ ಕತ್ತಲಲ್ಲಿ ಬಣ್ಣ ಕಾಣುತ್ತಿರಲಿಲ್ಲ, ಆಮೇಲೆ ಕೈಗೆ ಗೊತ್ತಾಗಲಿ ಎಂದು ಮಣಿಯ ಆಕಾರವನ್ನೇ ಬದಲಿಸಿದರು. ಕೆಲವರು ಮಣಿಯನ್ನು ಹಿಂದಕ್ಕೆ ಸರಿಸಿದರು. ಕೆಲವರು ಮರೆತರು. ಕೊರಳಲ್ಲಿ ಹಾಕಿಕೊಂಡರೆ ಊರಿಗೇ ಗುಟ್ಟು ಗೊತ್ತಾಗುತ್ತದೆ ಎಂದು ಕೆಲವರು ನಾಚಿ ಎತ್ತಿಟ್ಟರು. ಇನ್ನು ಕೆಲವರು ಸರ ಇದ್ದರೆ ಸಾಕು, ತಾಯಿತದ ಹಾಗೆ ಅದೇ ಕಾಯುತ್ತದೆ ಎಂದುಕೊಂಡರು. ಕೊನೆಗೆ ಕ್ರಮ ತಪ್ಪದೆ ಪಾಲಿಸಿದ ಜೋಡಿಗಳು ಬಹಳ ಕಡಿಮೆ ಉಳಿದರು.

ಮುಟ್ಟಿನ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. ಅಂಡ ಬಿಡುಗಡೆಯಾದ ಮೇಲೆ ಸುಮಾರು ಒಂದು ದಿನ ಮಾತ್ರ ಬದುಕಿರುತ್ತದೆ. ಗಂಡಸಿನ ವೀರ್ಯಾಣು ಹೆಂಗಸಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಮುಟ್ಟು ನಾಲ್ಕು ದಿನ ಹಿಂದೆ ಮುಂದೆ ಆದರೂ ಲೆಕ್ಕ ಕೆಡುತ್ತದೆ.

ಈ ಮಣಿ ಐವತ್ತು ವರ್ಷದ ನಂತರ ಮತ್ತೆ ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಯ ಸರ ಮಾಡಿದರು. ಮುಟ್ಟು 26ರಿಂದ 32 ದಿನಕ್ಕೊಮ್ಮೆ ಸರಿಯಾಗಿ ಬರುವವರಿಗೆ ಮಾತ್ರ ಇದು. ಮುಟ್ಟಾದ ಮೊದಲ ದಿನವನ್ನು ಒಂದು ಎಂದು ಎಣಿಸಿದರೆ 8ನೇ ದಿನದಿಂದ 19ನೇ ದಿನದವರೆಗೆ ದೂರವಿರಬೇಕು. ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು ಐವರು ಬಸಿರಾದರು. ಪಾಲಿಸಿದವರು, ತಪ್ಪಿದವರು ಎಲ್ಲರನ್ನೂ ಸೇರಿಸಿದರೆ ಹನ್ನೆರಡು. ಮಣಿ ಅದೇ, ಲೆಕ್ಕ ಎರಡು.

ಎಲ್ಲಕ್ಕೂ ಎರಡು ಲೆಕ್ಕ

ಈ ಎರಡು ಲೆಕ್ಕ ಎಲ್ಲ ವಿಧಾನಕ್ಕೂ ಇದೆ. ನೂರು ಹೆಂಗಸರು ಒಂದು ವರ್ಷ ಮಾತ್ರೆಯನ್ನು ಒಂದು ದಿನವೂ ತಪ್ಪದೆ ನುಂಗಿದರೆ ಒಬ್ಬಳಿಗೂ ಗರ್ಭ ನಿಲ್ಲುವುದು ಅಪರೂಪ. ಮನೆಗಳಲ್ಲಿ ನಿಜಕ್ಕೂ ನುಂಗುವ ರೀತಿಯಲ್ಲಿ ಸುಮಾರು ಏಳು ಜನಕ್ಕೆ ನಿಲ್ಲುತ್ತದೆ. ಕಾಂಡೋಮ್‌ಗೆ ಎರಡು ಮತ್ತು ಹದಿಮೂರು. ಗಂಡಸು ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದನ್ನೇ ನಂಬಿದರೆ ನಾಲ್ಕು ಮತ್ತು ಇಪ್ಪತ್ತು. ಕಾಪರ್-ಟಿಗೆ ಎರಡೂ ಲೆಕ್ಕ ಒಂದಕ್ಕಿಂತ ಕಡಿಮೆ, ಯಾಕೆಂದರೆ ಹಾಕಿಸಿಕೊಂಡ ಮೇಲೆ ದಿನಾ ನೆನಪಿಡುವ ಕೆಲಸವಿಲ್ಲ.

ಆ ತಾಯಿಯನ್ನು ಆಶಾ ಕಾರ್ಯಕರ್ತೆ ಕೂರಿಸಿಕೊಂಡು ಮೆಲ್ಲಗೆ ಕೇಳಿದಾಗ ವಿಷಯ ಹೊರಬಂತು. “ನಮ್ಮೋರು ಲಾರಿ ಮೇಲೆ ಹೋಗ್ತಾರಲ್ಲಕ್ಕ, ಮನೇಲಿದ್ದ ದಿನ ನುಂಗ್ತಿದ್ದೆ.” ಅವಳು ಸುಳ್ಳು ಹೇಳಿರಲಿಲ್ಲ. ಮಾತ್ರೆಯೂ ಕೆಟ್ಟಿರಲಿಲ್ಲ. ದಿನಾ ನುಂಗಿದರೆ ಮಾತ್ರ ಅಂಡ ಬಿಡುಗಡೆ ನಿಲ್ಲುತ್ತದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಮಾಲಾ-ಎನ್ ಚೀಟಿಯಲ್ಲಿ 28 ಮಾತ್ರೆ. 21 ಗರ್ಭ ತಡೆಯುವವು, ಉಳಿದ 7 ಕಬ್ಬಿಣಾಂಶದವು. ಆ ಏಳು ಬಿಟ್ಟರೂ ತೊಂದರೆಯಿಲ್ಲ, ಆದರೆ ಎಣಿಕೆ ತಪ್ಪಿ ಹೊಸ ಚೀಟಿ ತಡವಾದರೆ ಗರ್ಭ ನಿಲ್ಲಬಹುದು. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನೂ ಅದರ ಹೊತ್ತಿಗೆ ನುಂಗಿ. ಎರಡು ಅಥವಾ ಹೆಚ್ಚು ಮರೆತರೆ ಮಾತ್ರೆ ಮುಂದುವರಿಸಿ ಏಳು ದಿನ ಕಾಂಡೋಮ್ ಕೂಡ ಬಳಸಿ, ನರ್ಸಮ್ಮನನ್ನು ಕೇಳಿ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಮಾತ್ರೆಗಳು ಇದರ ಶಕ್ತಿ ಕುಗ್ಗಿಸುತ್ತವೆ, ಅಂಥ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ. ಬಿ.ಪಿ. ಇರುವವರು ಮತ್ತು ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರು ಈ ಮಾತ್ರೆ ಬಿಟ್ಟು ಬೇರೆ ವಿಧಾನ ಕೇಳಬೇಕು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಒಂದು ಗೀಟು ಹಾಕಿದರೂ ಮರೆವು ತಪ್ಪುತ್ತದೆ.

ಛಾಯಾ ಮಾತ್ರೆ ಬೇರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು, ಗೊತ್ತು ಮಾಡಿದ ದಿನವೇ. ಅಂತರ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ, ಮುಂದಿನ ತಾರೀಕು ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಲೂಪ್, ನಿರೋಧ್ ಮತ್ತು ತೆಂಗಿನ ಎಣ್ಣೆ

ಮಣಿಯ ನಂತರ ಸರ್ಕಾರ ನಂಬಿದ್ದು ಲೂಪನ್ನು, ಜನರ ಬಾಯಲ್ಲಿ ವಂಕಿ. 1965ರಿಂದ ದೇಶದ ಎಲ್ಲೆಡೆ ಹಾಕಿದರು. ಹಾಕಿದ ಮೇಲೆ ಬಂದು ನೋಡುವವರು ಕಡಿಮೆ. ರಕ್ತಸ್ರಾವವಾಯಿತು, ಕೆಲವರಿಗೆ ಗೊತ್ತಿಲ್ಲದೆ ಜಾರಿತು, ಹೆಂಗಸರು ಬೆದರಿದರು. ಈಗಿನ ಕಾಪರ್-ಟಿ ಅದಕ್ಕಿಂತ ಎಷ್ಟೋ ಉತ್ತಮ. ಆದರೂ ಮೊದಲ ತಿಂಗಳುಗಳಲ್ಲಿ ಜಾರಬಹುದು, ಮುಟ್ಟು ಕಳೆದ ಮೇಲೆ ಒಮ್ಮೆ ತೋರಿಸಿಕೊಳ್ಳಲೇಬೇಕು.

1968ರಲ್ಲಿ ನಿರೋಧ್ ಬಂತು. 15 ಪೈಸೆಗೆ ಮೂರು, ಚಹಾ ಪುಡಿ ಮಾರುವ ಅಂಗಡಿಯಲ್ಲೇ ಸಿಗುವ ಹಾಗೆ ಮಾಡಿದರು. ಕಾಂಡೋಮ್ ಕೈಕೊಡುವುದಕ್ಕೆ ಕಾರಣಗಳು ಸಣ್ಣವು. ಜೇಬಿನ ಪರ್ಸಿನಲ್ಲಿಟ್ಟು ಬಿಸಿ ತಾಗಿದ್ದು, ತಾರೀಕು ಮೀರಿದ್ದು, ಅರ್ಧದಲ್ಲಿ ಹಾಕಿಕೊಂಡದ್ದು. ನಮ್ಮ ತೆಂಗಿನ ಸೀಮೆಯವರು ಇನ್ನೊಂದು ತಿಳಿಯಬೇಕು: ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆಯಾಗಲಿ ಬೇರೆ ಎಣ್ಣೆಯಾಗಲಿ ಬೇಡ. ಎಣ್ಣೆ ತಾಗಿದ ರಬ್ಬರ್ ದುರ್ಬಲವಾಗಿ ಹರಿಯುತ್ತದೆ. ಹರಿದರೆ ಹೆದರಿ ಕೂರಬೇಡಿ, 72 ಗಂಟೆಯೊಳಗೆ ತುರ್ತು ಮಾತ್ರೆ ಇದೆ. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದನ್ನೇ ದಿನದ ಮಾತ್ರೆ ಮಾಡಿಕೊಳ್ಳಬೇಡಿ.

ಹಾಲೂಡಿಸುವಾಗ ನಿಲ್ಲುವುದಿಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಆಪರೇಷನ್ ಆದ ಮೇಲೂ

ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಮುಕ್ಕಾಲು ಪಾಲು ಗಂಡಸರಿಗೆ. ಬಲವಂತದ ಆ ನೆನಪಿಗೆ ಗಂಡಸರು ಹಿಂದೆ ಸರಿದರು, ಭಾರ ಹೆಂಗಸರ ಮೇಲೆ ಬಿತ್ತು. ಇವತ್ತು ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಬ್ಬನೂ ಇಲ್ಲ, ಅವರ ಆಪರೇಷನ್ನೇ ಸಣ್ಣದಾದರೂ.

ಗಂಡಸಿನ ಆಪರೇಷನ್ ಅವತ್ತೇ ಕೆಲಸ ಮಾಡುವುದಿಲ್ಲ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೇರೆ ವಿಧಾನ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಲೇಬೇಕು. ಇದು ತಿಳಿಯದೆ, ಹೆಂಡತಿ ಬಸಿರಾದಾಗ ಅವಳ ಮೇಲೆ ಅನುಮಾನ ಪಟ್ಟು ಸಂಸಾರ ಮುರಿದುಕೊಳ್ಳುತ್ತಾರೆ. ಬಾಯಿ ಬಿಡುವ ಮೊದಲು ಆ ಪರೀಕ್ಷೆಯ ಚೀಟಿ ಎಲ್ಲಿದೆ ನೋಡಿ.

ಹೆಂಗಸಿನ ಆಪರೇಷನ್ ಆದರೂ ಮೊದಲ ವರ್ಷ ಸಾವಿರದಲ್ಲಿ ಸುಮಾರು ಐವರಿಗೆ ಗರ್ಭ ನಿಲ್ಲುತ್ತದೆ. ನಾಳ ಮತ್ತೆ ಕೂಡಿಕೊಳ್ಳಬಹುದು, ಆಪರೇಷನ್ ದಿನ ಗೊತ್ತಿಲ್ಲದೆ ಬಸಿರಾಗಿದ್ದೂ ಇರಬಹುದು. ಹಾಗಾಗಿ ಮುಟ್ಟು ನಿಂತರೆ “ಆಪರೇಷನ್ ಆಗಿದೆಯಲ್ಲ” ಎಂದು ಸುಮ್ಮನಿರಬೇಡಿ. ಗರ್ಭ ನಾಳದಲ್ಲೇ ನಿಂತರೆ ಜೀವಕ್ಕೆ ಅಪಾಯ. ಆಪರೇಷನ್ ವಿಫಲವಾದವರಿಗೆ ಪರಿಹಾರ ಕೊಡುವ ಸರ್ಕಾರಿ ಯೋಜನೆಯೂ ಇದೆ. ಪ್ರಮಾಣಪತ್ರ ಜೋಪಾನ ಮಾಡಿ, ತಡಮಾಡದೆ ಅರ್ಜಿ ಕೊಡಿ.

ಕಾನೂನಿಗೂ ಇದು ಗೊತ್ತು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯೇ ಗರ್ಭನಿರೋಧಕ ವಿಫಲವಾಗುವುದನ್ನು ಒಪ್ಪಿಕೊಂಡಿದೆ. 2021ರ ತಿದ್ದುಪಡಿಯ ನಂತರ, ಮದುವೆಯಾಗಿರಲಿ ಬಿಡಲಿ, ಈ ಕಾರಣಕ್ಕೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಸಿಕೊಳ್ಳಬಹುದು. ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಮಾತ್ರ, ನಾಟಿ ಮದ್ದಿಗೆ ಹೋಗಬೇಡಿ. ವಿಷಯ ಗುಟ್ಟಾಗಿ ಇಡುವುದು ಆಸ್ಪತ್ರೆಯ ಹೊಣೆ.

ಮಣಿಸರ ಕೊಟ್ಟವರು ದಡ್ಡರಲ್ಲ, ಹಾಕಿಕೊಂಡ ಹೆಂಗಸರೂ ದಡ್ಡರಲ್ಲ. ಆ ಸರ ಕತ್ತಲೆ ಕೋಣೆಗೆ, ನಾಚಿಕೆಗೆ, ಮರೆವಿಗೆ ತಕ್ಕ ಹಾಗೆ ಇರಲಿಲ್ಲ. ನಮ್ಮ ಮನೆಗೆ ಯಾವ ವಿಧಾನ ಹೊಂದುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಕೂತು ಕೇಳಬೇಕು. ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಹೋಗಬೇಕು. ಮುಟ್ಟು ಒಂದು ವಾರ ತಡವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಪರೀಕ್ಷೆಯ ಕಿಟ್ ಅವರ ಹತ್ತಿರ ಇರುತ್ತದೆ.

ಕೊಬ್ಬರಿ ಸುಲಿಯುತ್ತಿದ್ದ ಆ ಮನೆಯಲ್ಲಿ ಅಂದು ಅತ್ತೆಯೂ ಪಕ್ಕ ಬಂದು ಕೂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಯಾರೂ ಹೇಳಿರ್ಲಿಲ್ಲ ಕಣಮ್ಮ” ಅಂದರು.