ಹಳೆಯ ಗಣಕಕ್ಕೆ ಹೊಸ ಮಿದುಳು

ವಾಚಕ ಮಹಾಶಯರೇ, ನಿಮ್ಮ ಮನೆಯ ಮೇಜಿನ ಮೇಲೆ ಎಂಟು ಹತ್ತು ವರ್ಷ ದುಡಿದ ಒಂದು ಗಣಕಯಂತ್ರವಿದೆಯೆಂದು ಭಾವಿಸಿರಿ. ಕೂಡ್ಲಿಗಿಯ ಬೆರಳಚ್ಚಿನ ಅಂಗಡಿಯಲ್ಲಾಗಲಿ, ಕೊಟ್ಟೂರಿನ ಶಾಲೆಯಲ್ಲಾಗಲಿ, ಹಗರಿಬೊಮ್ಮನಹಳ್ಳಿಯ ವರ್ತಕರ ಗದ್ದುಗೆಯ ಪಕ್ಕದಲ್ಲಾಗಲಿ ಅಂಥ ಯಂತ್ರಗಳು ಇನ್ನೂ ಇವೆ. ಅದು ಕೆಟ್ಟಿಲ್ಲ, ನಿಧಾನವಾಗಿದೆ, ಅಷ್ಟೆ. ಆಗ ಯಜಮಾನನಿಗೆ ಏಳುವ ಪ್ರಶ್ನೆ ಒಂದೇ: ಇದನ್ನು ಬಿಸುಡಬೇಕೆ, ಅಥವಾ ಇದರ ಮಿದುಳನ್ನು, ಎಂದರೆ ಪ್ರೊಸೆಸರನ್ನು, ಬದಲಾಯಿಸಬಹುದೆ? ಈ ಪ್ರಶ್ನೆಗೆ ನಲವತ್ತು ವರ್ಷಗಳಿಗೂ ಮೀರಿದ ಇತಿಹಾಸವುಂಟು.

ಹಳೆಯದಕ್ಕೆ ಹೊಸದನ್ನು ಕೂಡಿಸುವುದು ನಮ್ಮ ಸೀಮೆಗೆ ಅಪರಿಚಿತವಲ್ಲ. ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿರುವ ಕಲ್ಲೇಶ್ವರ ದೇವಾಲಯವನ್ನು ನೋಡಿರಿ. ರಾಷ್ಟ್ರಕೂಟರ ಕಾಲದ ಗುಡಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ತೆರೆದ ಮಂಟಪವು ಸೇರಿತು. ಹೊಸ ಕಂಬಗಳು ಹಳೆಯ ಗುಡಿಯ ಅಳತೆಗೆ ಒಪ್ಪಬೇಕಾಗಿತ್ತು. ಬಂಡಿಯ ವಿಷಯವೂ ಹಾಗೆಯೇ. ಗಾಲಿ ಎಷ್ಟೇ ಚೆಲುವಾಗಿದ್ದರೂ ಅದರ ಗುಂಭಕ್ಕೆ ಅಚ್ಚು ಹೊಂದದಿದ್ದರೆ ಬಂಡಿ ಮುಂದೆ ಸಾಗದು. ಗಣಕಯಂತ್ರದಲ್ಲಿ ಈ ಹೊಂದಾಣಿಕೆಯ ಸ್ಥಾನಕ್ಕೆ 'ಸಾಕೆಟ್' ಎಂದು ಹೆಸರು.

೧೯೭೧ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆಯು ೪೦೦೪ ಎಂಬ ಮೈಕ್ರೋಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಬೆರಳ ತುದಿಯಷ್ಟು ಸಿಲಿಕಾನಿನ ಮೇಲೆ ೨,೩೦೦ ಟ್ರಾನ್ಸಿಸ್ಟರುಗಳು! ನಮ್ಮ ಮನೆಯ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಆರೇಳಿದ್ದರೆ ಸಾಕಾಗುತ್ತಿದ್ದುದನ್ನು ನೆನೆದರೆ ಈ ಸಂಖ್ಯೆಯ ಮಹತ್ವ ಮನಗಾಣುತ್ತದೆ. ೧೯೮೧ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕ ಬಂದಾಗ ಅದರ ಫಲಕದ ಮೇಲೆ ಒಂದು ಖಾಲಿ ಸಾಕೆಟ್ಟನ್ನು ಬಿಟ್ಟಿದ್ದರು. ಕಠಿಣ ಲೆಕ್ಕಗಳ ಅಗತ್ಯವುಳ್ಳವರು ೮೦೮೭ ಎಂಬ ಸಹಾಯಕ ಪ್ರೊಸೆಸರನ್ನು ಕೊಂಡು ಅಲ್ಲಿ ಕೂಡಿಸಬಹುದಾಗಿತ್ತು. ಮನೆ ಕಟ್ಟುವಾಗಲೇ ಮುಂದಿನ ಕೋಣೆಗೆಂದು ಗೋಡೆಯಲ್ಲಿ ಬಾಗಿಲ ಜಾಗ ಬಿಟ್ಟಂತೆ ಇದು.

ಇದೇ ಭಾವನೆ ೧೯೯೦ರ ದಶಕದಲ್ಲಿ ಬೆಳೆಯಿತು. ಇಂಟೆಲ್ ಸಂಸ್ಥೆಯೇ ೪೮೬ ಯಂತ್ರಗಳಿಗಾಗಿ 'ಓವರ್‌ಡ್ರೈವ್' ಎಂಬ ಬದಲಿ ಪ್ರೊಸೆಸರುಗಳನ್ನು ಮಾರಿತು. ಚಿಕ್ಕ ಸನ್ನೆಕೋಲನ್ನು ಎತ್ತಿದರೆ ಸಾಕು, ಬಲಪ್ರಯೋಗವಿಲ್ಲದೆ ಹಳೆಯದನ್ನು ತೆಗೆದು ಹೊಸದನ್ನು ಇಡುವಂತಹ ಸಾಕೆಟ್ಟುಗಳು ಬಂದವು. ೧೯೯೩ರಲ್ಲಿ ಪೆಂಟಿಯಂ ಬಂದಿತು. ಅದರ ನಿರ್ಮಾಣದಲ್ಲಿ ಮುಂದಾಳಾಗಿದ್ದವರು ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್. ಅನಂತರ 'ಸಾಕೆಟ್ ೭' ಎಂಬ ಒಂದೇ ನೆಲೆಯಲ್ಲಿ ಇಂಟೆಲ್, ಎಎಂಡಿ, ಸಿರಿಕ್ಸ್ ಎಂಬ ಮೂರು ಸಂಸ್ಥೆಗಳ ಪ್ರೊಸೆಸರುಗಳು ಕೂರುತ್ತಿದ್ದವು. ಕೊಳ್ಳುವವನೇ ದೊರೆಯಾಗಿದ್ದ ಕಾಲವದು.

ಇದರಿಂದ ಕನ್ನಡಕ್ಕೇನು ಎಂದು ನೀವು ಕೇಳಬಹುದು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರ ತೆರೆಯ ಮೇಲೆ ಮೂಡಲಿಲ್ಲ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಆಸರೆಯೂ, 'ತುಂಗಾ' ಎಂಬ ಅಕ್ಷರಮಾದರಿಯೂ ದೊರೆತವು. ಹರಪನಹಳ್ಳಿ, ಹಡಗಲಿ ತಾಲೂಕುಗಳ ಅಂಚಿನಲ್ಲಿ ಹರಿಯುವ ನಮ್ಮ ತುಂಗಭದ್ರೆಯ ಅರ್ಧ ಹೆಸರು ಹೀಗೆ ಗಣಕವನ್ನು ಹೊಕ್ಕಿತು. ಆದರೆ ಎಕ್ಸ್‌ಪಿಗೆ ಕನಿಷ್ಠ ೨೩೩ ಮೆಗಾಹರ್ಟ್ಸ್ ವೇಗದ ಪ್ರೊಸೆಸರು ಬೇಕಾಗಿತ್ತು. ಅದಕ್ಕೆ ಮುಂಚಿನ ವಿಂಡೋಸ್ ೯೮ಕ್ಕೆ ೬೬ ಮೆಗಾಹರ್ಟ್ಸಿನ ೪೮೬ ಸಾಕಾಗಿತ್ತು. ನುಡಿ, ಬರಹ ಮುಂತಾದ ತಂತ್ರಾಂಶಗಳು ತಮ್ಮದೇ ಅಕ್ಷರಸಂಕೇತಗಳಿಂದ ಆ ಹಳೆಯ ಯಂತ್ರಗಳಲ್ಲಿ ಕನ್ನಡವನ್ನು ನಡೆಸಿಕೊಟ್ಟವು, ನಿಜ. ಜಗತ್ತಿಗೆಲ್ಲ ಸಮಾನವಾದ ಸಂಕೇತದಲ್ಲಿ ಕನ್ನಡ ಬೇಕೆಂದವರಿಗೆ ಯಂತ್ರದ ಮಿದುಳೂ ಚುರುಕಾಗಬೇಕಾಯಿತು. ಪ್ರೊಸೆಸರಿನ ಬದಲಾವಣೆ ಬರಿಯ ವೇಗದ ಚಪಲವಲ್ಲ. ಕೆಲವೊಮ್ಮೆ ಅದು ಭಾಷೆಯ ಹೊಸಿಲು.

ಕಾಲಕ್ರಮದಲ್ಲಿ ಬಾಗಿಲುಗಳು ಒಂದೊಂದಾಗಿ ಕಿರಿದಾದುವು. ೧೯೯೭ರಲ್ಲಿ ಇಂಟೆಲ್ ಸಾಕೆಟ್ ೭ನ್ನು ತೊರೆದು ತನ್ನದೇ ಆದ ಬೇರೊಂದು ನೆಲೆಗೆ ಸಾಗಿತು. ೨೦೦೬ರ ಕೋರ್ ೨ ಡ್ಯುಯೋ ಪ್ರೊಸೆಸರು ಪೆಂಟಿಯಂ ೪ ಕುಳಿತಿದ್ದ ಸಾಕೆಟ್ಟಿನಲ್ಲೇ ಕೂರುತ್ತಿದ್ದರೂ ಅನೇಕ ಹಳೆಯ ಫಲಕಗಳು ಅದನ್ನು ಒಪ್ಪಲಿಲ್ಲ. ವಿದ್ಯುತ್ ಒದಗಿಸುವ ಕ್ರಮ ಬೇರೆಯಾಗಿತ್ತು. ೨೦೧೭ರ ಎಂಟನೆಯ ತಲೆಮಾರಿನ ಪ್ರೊಸೆಸರುಗಳೂ ಏಳನೆಯ ತಲೆಮಾರಿನ ಅಳತೆಯವೇ. ಆದರೂ ಹಳೆಯ ಫಲಕದಲ್ಲಿ ಅವು ನಡೆಯವು. ಕೀಲಿ ತೂರುತ್ತದೆ, ಬೀಗ ತೆರೆಯುವುದಿಲ್ಲ!

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಉಂಟು. ಅವುಗಳಲ್ಲೊಂದು ನಮ್ಮ ನಾಡಿನದೇ. ೨೦೦೮ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಜಿಯಾನ್ ೭೪೦೦ ಎಂಬ ಆರು ಅಂತರಂಗಗಳ ಪ್ರೊಸೆಸರಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಅದರಲ್ಲಿ ಸುಮಾರು ೧೯೦ ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಅದು ಮನೆಯ ಗಣಕಕ್ಕಲ್ಲ, ದೊಡ್ಡ ಸರ್ವರ್ ಯಂತ್ರಗಳಿಗೆ ಮೀಸಲಾದದ್ದು. ಹಿಂದಿನ ೭೩೦೦ ಸಾಲಿನ ಪ್ರೊಸೆಸರು ಕುಳಿತ ಸಾಕೆಟ್ಟಿನಲ್ಲೇ ಹೊಂದುವಂತೆ ಅದನ್ನು ರೂಪಿಸಿದ್ದು ಗಮನಾರ್ಹ. ಎಎಂಡಿ ಸಂಸ್ಥೆಯೂ ೨೦೧೭ರಲ್ಲಿ ರೈಜೆನ್ ಪ್ರೊಸೆಸರುಗಳನ್ನು ಹೊಂದಿಸಿದ 'ಎಎಂ೪' ಸಾಕೆಟ್ಟಿಗೆ ೨೦೨೨ರಲ್ಲಿಯೂ ಹೊಸ ಪ್ರೊಸೆಸರುಗಳನ್ನು ಕೊಟ್ಟಿತು. ಆದ್ದರಿಂದ ಬಾಗಿಲು ತೆರೆದಿರುವುದೂ ಮುಚ್ಚುವುದೂ ಕೇವಲ ವಿಜ್ಞಾನದ ನಿರ್ಬಂಧವಲ್ಲ. ತಯಾರಕರ ಸಂಕಲ್ಪವೂ ಅಲ್ಲಿ ಅಡಗಿದೆ.

ಈ ಇತಿಹಾಸವು ಇಂದು ನಮ್ಮ ಊರುಗಳ ಮನೆಬಾಗಿಲಿಗೇ ಬಂದು ನಿಂತಿದೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ ೧೧ ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರು ಮತ್ತು ಅದರಿಂದೀಚಿನವನ್ನೇ ಅಪೇಕ್ಷಿಸುತ್ತದೆ. ಏಳನೆಯ ತಲೆಮಾರಿನ ಫಲಕವುಳ್ಳವನು ಆ ಗಡಿಯನ್ನು ಪ್ರೊಸೆಸರು ಬದಲಿಸಿ ದಾಟಲಾರ. ಹಾಗೆಂದು ಯಂತ್ರ ಸತ್ತಂತೆಯೇ ಎಂದು ತಿಳಿಯಬಾರದು. ಉಚಿತವಾಗಿ ದೊರೆಯುವ ಲಿನಕ್ಸ್ ಅದರಲ್ಲಿ ನಡೆಯುತ್ತದೆ. ಕನ್ನಡವೂ ಅಲ್ಲಿ ಚೆನ್ನಾಗಿ ಮೂಡುತ್ತದೆ. ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ಸ್ಮೃತಿಕೋಶವನ್ನು ಹೆಚ್ಚಿಸಿದರೆ, ಪ್ರೊಸೆಸರಿನ ಬದಲಾವಣೆಗಿಂತ ಹೆಚ್ಚಿನ ಚುರುಕು ಅನೇಕ ಸಂದರ್ಭಗಳಲ್ಲಿ ಕಾಣುತ್ತದೆ.

ಪ್ರೊಸೆಸರನ್ನೇ ಬದಲಿಸುವುದಾದರೆ ನಾಲ್ಕು ಮಾತು ನೆನಪಿರಲಿ. ಮೊದಲು ಫಲಕದ ಹೆಸರನ್ನು ಓದಿ, ಅದರ ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿ ಹೊಸ ಪ್ರೊಸೆಸರು ಇದೆಯೇ ನೋಡಬೇಕು. ಎರಡನೆಯದಾಗಿ, ಫಲಕದ ಮೂಲತಂತ್ರಾಂಶವಾದ ಬಯಾಸನ್ನು ನವೀಕರಿಸಬೇಕಾದರೆ ಹಳೆಯ ಪ್ರೊಸೆಸರು ಕುಳಿತಿರುವಾಗಲೇ ಅದನ್ನು ಮುಗಿಸಬೇಕು. ನಡುವೆ ವಿದ್ಯುತ್ ಹೋದರೆ ಫಲಕವೇ ನಿಷ್ಪ್ರಯೋಜಕವಾಗಬಹುದು. ದೀಪ ಯಾವಾಗ ಹೋಗುತ್ತದೆಂದು ತಿಳಿಯದ ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಲಾಗದು. ಮೂರನೆಯದಾಗಿ, ಹೊಸ ಪ್ರೊಸೆಸರು ಬೇಡುವ ವಿದ್ಯುತ್ತನ್ನು ಫಲಕವೂ ವಿದ್ಯುತ್ ಪೆಟ್ಟಿಗೆಯೂ ಒದಗಿಸಬಲ್ಲವೇ ಎಂಬುದನ್ನು ವಿಚಾರಿಸಬೇಕು. ಕಡೆಯದಾಗಿ, ನಮ್ಮ ಸೀಮೆಯ ಬೇಸಗೆ. ಪ್ರೊಸೆಸರಿಗೂ ಅದರ ಮೇಲಿನ ಲೋಹದ ತಂಪುಕಾರಕಕ್ಕೂ ನಡುವೆ ಬಳಿಯುವ ಶಾಖವಾಹಕ ಲೇಪ ವರ್ಷಗಳಾದಂತೆ ಒಣಗುತ್ತದೆ. ಅದನ್ನು ಒರೆಸಿ ಹೊಸದಾಗಿ ಬಳಿಯಬೇಕು, ಬೀಸಣಿಗೆಯ ಧೂಳನ್ನು ತೆಗೆಯಬೇಕು. ಎಷ್ಟೋ ಯಂತ್ರಗಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತವೆ! ಕಾವೇರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಅದನ್ನು ನಾವು ಮುಪ್ಪೆಂದು ತಪ್ಪಾಗಿ ತಿಳಿಯುತ್ತೇವೆ. ಹಳೆಯ ಮಾದರಿಯ ಪ್ರೊಸೆಸರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುವುದುಂಟು. ನಡೆಸಿ ನೋಡಿ ಕೊಳ್ಳುವುದು ಕ್ಷೇಮ.

ತೀರ ಉಪಯೋಗಕ್ಕೆ ಬಾರದ ಯಂತ್ರವನ್ನು ತಿಪ್ಪೆಗೆ ಎಸೆಯದಿರಿ. ಅದರಲ್ಲಿ ಸೀಸದಂತಹ ವಿಷಲೋಹಗಳಿವೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು.

ಇಂದು ಮಾರಾಟವಾಗುವ ಮಡಚುಗಣಕಗಳಲ್ಲಿ ಪ್ರೊಸೆಸರನ್ನು ಸಾಮಾನ್ಯವಾಗಿ ಫಲಕಕ್ಕೆ ಬೆಸೆದೇ ಇಟ್ಟಿರುತ್ತಾರೆ. ಅಲ್ಲಿ ಸಾಕೆಟ್ಟೂ ಇಲ್ಲ, ಸನ್ನೆಕೋಲೂ ಇಲ್ಲ. ಆದ ಕಾರಣ ವಾಚಕರೇ, ಮುಂದಿನ ಬಾರಿ ಅಂಗಡಿಗೆ ಹೋದಾಗ ಬೆಲೆಯನ್ನೂ ವೇಗವನ್ನೂ ಕೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿರಿ: "ಐದು ವರ್ಷದ ಮೇಲೆ ಇದರ ಮಿದುಳನ್ನು ಬದಲಿಸಬಹುದೆ?" ಕೇಳುವವರು ಹೆಚ್ಚಾದರೆ ಉತ್ತರ ಕೊಡುವವರೂ ಎಚ್ಚರಗೊಳ್ಳುತ್ತಾರೆ.